ಯಾರದೋ ಬೈಕ್ ಸಾಲಕ್ಕೆ ಈಕೆಯ ಹೆಸರು ಕ್ರಯಪತ್ರದಿಂದ ಯಾಕೆ ಹೋಗಬೇಕು? ಮನೆ ಕೊಳ್ಳೋಕೆ ಗಂಡ ಹೆಂಡತಿ ಜಂಟಿಯಾಗಿ ಗೃಹಸಾಲ ಕೇಳಿ ಬ್ಯಾಂಕಿಗೆ ಹೋಗಿದ್ದರು. ಹೆಂಡತಿಯ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದ್ರೆ ಯಾರು ಎಷ್ಟು ಸಾಲ ಮಾಡಿ ಹೇಗೆ ತೀರಿಸಿದರು ಅನ್ನೋ ದಾಖಲೆಯಲ್ಲಿ, ಈಕೆ ಮಾಡದ ಬೈಕ್ ಸಾಲ ಕಂಡಿತು. ಅಲ್ಲಿನ ಅಧಿಕಾರಿ ಕೇಳಿದ್ದು:

"ಮನೆಯವರಿಗೆ ಹೇಳದೇ ತಗೊಂಡಿದ್ರಾ ಮೇಡಂ?"

ಇದು ಕೇಳೋ ಪ್ರಶ್ನೆನೇನ್ರೀ? ಪಕ್ಕದಲ್ಲೇ ಗಂಡ, ಹಿಂದಿನ ಕುರ್ಚಿಯಲ್ಲಿ ಅತ್ತೆ, ಸುತ್ತಲೂ ಟೋಕನ್ ಹಿಡಿದು ಕೂತ ಜನ. ಆ ಮನುಷ್ಯ ಮಾನಿಟರ್ ಪೂರ್ತಿ ಅವರ ಕಡೆ ತಿರುಗಿಸಿ, ಪೆನ್ನಿನ ತುದಿ ಸ್ಕ್ರೀನಿಗೆ ಮುಟ್ಟಿಸಿ, ಎಲ್ಲರಿಗೂ ಕೇಳಿಸೋ ಹಾಗೆ ಓದಿದ: ಟೂ ವೀಲರ್ ಲೋನ್, ರಿಟನ್ ಆಫ್. ಅಂದ್ರೆ ವಸೂಲಾಗಲ್ಲ ಅಂತ ಕಂಪನಿ ಲೆಕ್ಕದಿಂದ ತೆಗೆದ ಸಾಲ.

"ನಂಗೆ ಗಾಡಿನೇ ಬರಲ್ಲ ಸರ್" ಅಂದರು ಆಕೆ. ಅದಕ್ಕೆ ಆತ, "ನೀವು ಓಡಿಸದಿದ್ರೂ ಯಾರಿಗಾದ್ರೂ ಕೊಡ್ಸಿರ್ಬಹುದಲ್ವಾ, ತಮ್ಮಂಗೋ ಯಾರಿಗೋ." ಅತ್ತೆ ಸೊಸೆಯ ಮುಖ ನೋಡಿದರು. ಗಂಡನೂ ನೋಡಿದರು, ಆಮೇಲೆ ತಲೆ ತಗ್ಗಿಸಿದರು. ಆಕೆ ಬ್ಯಾಗಿನ ಜಿಪ್ ತೆಗೆದು ಪ್ಯಾನ್ ಕಾರ್ಡು, ಆಧಾರು, ಪಾಸ್‌ಬುಕ್ಕು ಒಂದೊಂದಾಗಿ ಮೇಜಿನ ಮೇಲಿಡುತ್ತಾ ಹೋದರು. ಯಾರೂ ಕೇಳಿರಲಿಲ್ಲ. ಕಳ್ಳತನ ಹೊರಿಸಿದಾಗ ಜೇಬು ಕೊಡವಿ ತೋರಿಸ್ತಾರಲ್ಲ, ಹಾಗೆ. ಆತ ಒಂದನ್ನೂ ಕೈಗೆ ತಗೊಳ್ಳಲಿಲ್ಲ. "ಸಿಸ್ಟಮ್ಮಲ್ಲಿ ಬಂದಿದೆ ಮೇಡಂ, ನಾವೇನ್ ಮಾಡೋಕಾಗುತ್ತೆ" ಅಂದ.

ಏನ್ ಮಾಡೋಕಾಗುತ್ತೆ? ಅದೇ ರಿಪೋರ್ಟನ್ನು ಸ್ವಲ್ಪ ಮೇಲಕ್ಕೆ ಸರಿಸಬಹುದಿತ್ತು. ವಿಳಾಸಗಳ ಪಟ್ಟಿಯಲ್ಲಿ ಈಕೆ ಕಾಲೇ ಇಡದ ಜಿಲ್ಲೆಯ ಒಂದು ವಿಳಾಸ ಇತ್ತು. ಫೋನ್ ನಂಬರುಗಳಲ್ಲಿ ಈಕೆಯದ್ದಲ್ಲದ ಒಂದು ನಂಬರ್ ಇತ್ತು. ಇಬ್ಬರು ಬೇರೆ ಬೇರೆ ಹೆಂಗಸರ ದಾಖಲೆ ಒಂದೇ ಫೈಲಿಗೆ ಬಂದು ಕೂತಿದೆ ಅನ್ನೋದಕ್ಕೆ ಅಷ್ಟು ಸಾಕು. ದಿನಾ ಇಪ್ಪತ್ತು ರಿಪೋರ್ಟ್ ನೋಡುವವರಿಗೆ ಇದು ಗೊತ್ತಾಗಲ್ಲ ಅಂದ್ರೆ ನಾನಂತೂ ನಂಬಲ್ಲ. ನೋಡೋ ಮನಸ್ಸಿರಲಿಲ್ಲ, ಅಷ್ಟೇ.

ನಮ್ಮಲ್ಲಿ ಇದು ಯಾಕಾಗುತ್ತೆ ಅಂತ ಕೇಳಿ. ಸ್ಕೂಲಿಗೆ ಸೇರಿಸುವಾಗ ಹುಟ್ಟಿದ ತಾರೀಕು ಗೊತ್ತಿಲ್ಲ ಅಂದ್ರೆ ಮೇಷ್ಟ್ರು ಜೂನ್ 1 ಅಂತ ಬರೆದುಬಿಡ್ತಿದ್ದರು. ಕರ್ನಾಟಕದ ಯಾವ ಊರಿಗೆ ಹೋದರೂ ಜೂನ್ 1ರಂದು ಹುಟ್ಟಿದವರು ಸಿಗ್ತಾರೆ. ಅದರ ಮೇಲೆ ಹೆಸರು ಮಂಜುಳಾ, ಲಕ್ಷ್ಮಿ, ಮಹಾದೇವಿ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿರ್ತಾರೆ, ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ ಹೋಗಿರುತ್ತೆ, ಪಾಸ್‌ಬುಕ್ಕಲ್ಲಿ ಗಂಡನ ಹೆಸರು ಸೇರಿರುತ್ತೆ. ಸಾಲ ಕೊಟ್ಟ ಕಂಪನಿ ಡೇಟಾ ಕಳಿಸುವಾಗ ಪ್ಯಾನ್ ಕಾಲಂ ಖಾಲಿ ಬಿಟ್ಟರೆ, ಅಥವಾ ತಪ್ಪಾಗಿ ತುಂಬಿದರೆ, ಉಳಿಯೋದು ಹೆಸರು, ಹುಟ್ಟಿದ ದಿನ, ವಿಳಾಸ. ಹೊಂದಿಸೋ ಸಾಫ್ಟ್‌ವೇರ್ ಇವರಿಬ್ಬರೂ ಒಬ್ಬರೇ ಅಂತ ತೀರ್ಮಾನ ಮಾಡಿಬಿಡುತ್ತೆ. ಯಾರೋ ಖಾಲಿ ಬಿಟ್ಟ ಕಾಲಮ್ಮಿಗೆ ದಂಡ ತೆರೋದು ಇನ್ಯಾರೋ.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಈಕೆ ಜೀವನದಲ್ಲಿ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಆ ಬೈಕ್ ಸಾಲ ಇರದಿದ್ದರೆ ಸ್ಕೋರ್ (ಸಾಲ ತೀರಿಸೋ ನಂಬಿಕೆಗೆ ಕೊಡೋ ಅಂಕ) ಜಾಗದಲ್ಲಿ -1 ಬರಬೇಕಿತ್ತು, ಅಂದ್ರೆ ಸಾಲದ ಇತಿಹಾಸವೇ ಇಲ್ಲ ಅಂತ. ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಳ್ಳಿಹಾಕಬಾರದು ಅಂತ ಆರ್‌ಬಿಐ ಹೇಳಿದೆ. 2025ರಲ್ಲಿ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಲೋಕಸಭೆಯಲ್ಲೂ ಇದನ್ನೇ ಹೇಳಿದರು. ಏನೂ ಸಾಲ ಮಾಡದವರಿಗೆ ರಕ್ಷಣೆ ಇದೆ. ಏನೂ ಮಾಡದೆ ಬೇರೆಯವರ ಸಾಲ ಹೊತ್ತವರಿಗೆ?

ಅವರಿಗೆ ಸಿಕ್ಕ ಸಲಹೆ ಇದು: "ಸರ್ ಸ್ಕೋರ್ ಚೆನ್ನಾಗಿದೆ. ಮೇಡಂ ಹೆಸರು ತೆಗೆದುಬಿಡಿ, ಒಂದು ವಾರದಲ್ಲಿ ಸ್ಯಾಂಕ್ಷನ್ ಮಾಡಿಕೊಡ್ತೀನಿ."

ಜಂಟಿ ಅರ್ಜಿಯಲ್ಲಿ ಸಾಮಾನ್ಯವಾಗಿ ಇಬ್ಬರಲ್ಲಿ ಕಡಿಮೆ ಇರೋ ಸ್ಕೋರನ್ನೇ ಹಿಡಿಯೋದು. ಆಸ್ತಿಯಲ್ಲಿ ಪಾಲುದಾರರಾದವರೆಲ್ಲ ಸಾಲದಲ್ಲೂ ಸಹಿ ಹಾಕಬೇಕು ಅಂತ ಬ್ಯಾಂಕುಗಳು ಕೇಳ್ತವೆ. ಹಾಗಾಗಿ ಸಾಲದ ಅರ್ಜಿಯಿಂದ ಹೆಸರು ತೆಗೆಯೋದು ಅಂದ್ರೆ ಕ್ರಯಪತ್ರದಿಂದಲೇ ತೆಗೆಯೋದು. ಅಡ್ವಾನ್ಸ್‌ನಲ್ಲಿ ಅರ್ಧ ಹಣ ಈಕೆಯ ಒಡವೆ ಮಾರಿದ್ದು. ಆಮೇಲೆ ದಾನಪತ್ರ ಮಾಡಿ ಸೇರಿಸಿಕೊಳ್ಳಬಹುದಲ್ಲ ಅಂತೀರಾ? ಮನೆ ಅಡಮಾನದಲ್ಲಿರುವಾಗ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಅದಾಗಲ್ಲ. ಅದೇ ಬ್ಯಾಂಕು ಆಗಲೂ ಈಕೆಯ ರಿಪೋರ್ಟ್ ತೆಗೆಯುತ್ತೆ.

ನಿಯಮಗಳೇನೂ ಕಡಿಮೆ ಇಲ್ಲ. ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ 2005ರಿಂದ ಇದೆ. ಈಕೆಗೆ ಈಗ ಮಾಡಿಸುತ್ತಿರೋದನ್ನು ಇಲ್ಲೂ ಬರೆಯುತ್ತೇನೆ. ಅಡ್ವಾನ್ಸ್ ಕೊಡೋ ಮುಂಚೆ ಓದಿಕೊಳ್ಳಿ, ಕೊಟ್ಟ ಮೇಲೆ ಅಲ್ಲ.

ಈ ರಿಪೋರ್ಟ್ ತಯಾರಿಸೋ ಕ್ರೆಡಿಟ್ ಮಾಹಿತಿ ಕಂಪನಿಗಳು, ಅಂದ್ರೆ ಬ್ಯೂರೋಗಳು, ನಮ್ಮ ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಜನ ಎಲ್ಲಕ್ಕೂ ಸಿಬಿಲ್ ಅಂತಲೇ ಅಂತಾರೆ, ಆದರೆ ನಾಲ್ಕರ ದಾಖಲೆಯೂ ಬೇರೆ ಬೇರೆ. ಒಂದರಲ್ಲಿ ಸರಿಯಾದರೆ ಇನ್ನೊಂದರಲ್ಲಿ ತಾನಾಗೇ ಸರಿಯಾಗಲ್ಲ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು, 2017ರಿಂದ. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ, ಸಾಲ ಕೊಡುವವರು ತೆಗೆಸಿದರೆ ಮಾತ್ರ ಅದು ಎನ್‌ಕ್ವೈರಿ ಅಂತ ರಿಪೋರ್ಟಿನಲ್ಲಿ ದಾಖಲಾಗುತ್ತೆ. ಅದಕ್ಕೇ ಒಂದು ಕಡೆ ಆಗಲ್ಲ ಅಂದ ತಕ್ಷಣ ಮತ್ತೆ ನಾಲ್ಕು ಬ್ಯಾಂಕಿಗೆ ಓಡಬೇಡಿ. ಪಟ್ಟಿಯಲ್ಲಿ ಸಾಲುಸಾಲು ಎನ್‌ಕ್ವೈರಿ ಕಂಡರೆ ಐದನೆಯವನಿಗೆ ಇನ್ನೂ ಅನುಮಾನ.

ರಿಪೋರ್ಟಿನಲ್ಲಿ ಸ್ಕೋರಿಗಿಂತ ಮೊದಲು ಹೆಸರು, ಪ್ಯಾನ್, ವಿಳಾಸ, ಫೋನ್ ನೋಡಿ. ಆಮೇಲೆ ಪ್ರತಿ ಖಾತೆಯ ಓನರ್‌ಶಿಪ್ ಕಾಲಂ. ಅಲ್ಲಿ ಗ್ಯಾರಂಟರ್ ಅಂತಿದ್ದರೆ ನೀವು ಯಾರಿಗೋ ಜಾಮೀನು ನಿಂತ ಸಾಲ. ಆತ ಕಂತು ಕಟ್ಟದಿದ್ದರೆ ಪೆಟ್ಟು ನಿಮಗೂ ಬೀಳುತ್ತೆ. ಖಾತೆಯೇ ನಿಮ್ಮದಲ್ಲದಿದ್ದರೆ ರಿಪೋರ್ಟಿನ ಕಂಟ್ರೋಲ್ ನಂಬರ್ ಹಾಕಿ ಬ್ಯೂರೋದಲ್ಲಿ ಡಿಸ್‌ಪ್ಯೂಟ್ (ತಕರಾರು) ಎತ್ತಿ, ಖಾತೆಯ ಮಾಲೀಕತ್ವದ ಮೇಲೆಯೇ ಎತ್ತಿ. ಬಾಕಿ ಮೊತ್ತ ತಪ್ಪು ಅಂತ ಎತ್ತಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಬ್ಯೂರೋ ತಾನಾಗಿ ಏನನ್ನೂ ಅಳಿಸಲ್ಲ, ಸಾಲ ಕೊಟ್ಟ ಕಂಪನಿ ಹೂಂ ಅನ್ನಬೇಕು. ಹಾಗಾಗಿ ಅದೇ ದಿನ ಆ ಕಂಪನಿಯಲ್ಲಿ ದೂರು ನೋಡಿಕೊಳ್ಳೋ ನೋಡಲ್ ಅಧಿಕಾರಿಗೂ ಮೇಲ್ ಹೋಗಬೇಕು: ಸಾಲದ ಅರ್ಜಿ, ಫೋಟೋ, ಕೆವೈಸಿ, ಸಹಿ ಇರೋ ಕರಾರಿನ ಪ್ರತಿ ಕೊಡಿ ಅಂತ. ದೂರಿನ ನಂಬರ್ ಜೋಪಾನ.

ದೂರು ಬಗೆಹರಿಸೋಕೆ ಕಂಪನಿಗೆ 21 ದಿನ, ಬ್ಯೂರೋದ್ದೂ ಸೇರಿ ಒಟ್ಟು 30 ದಿನ. ಅದು ದಾಟಿದರೆ ತಡ ಮಾಡಿದವರು ದಿನಕ್ಕೆ ₹100 ಪರಿಹಾರ ಕೊಡಬೇಕು, 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ.

ದಿನಕ್ಕೆ ನೂರು ರೂಪಾಯಿ! ಯಾರ್ರೀ ಈ ಲೆಕ್ಕ ಹಾಕಿದ್ದು? ಮನೆ ಕೊಳ್ಳೋ ಅಗ್ರಿಮೆಂಟಿನಲ್ಲಿ ಮೂರು ತಿಂಗಳ ಗಡುವು, ತಪ್ಪಿದರೆ ಅಡ್ವಾನ್ಸ್ ಮುಟ್ಟುಗೋಲು. ಒಂದು ತಿಂಗಳು ತಡ ಮಾಡಿದವರು ಮೂರು ಸಾವಿರ ಕೊಟ್ಟು ಕೈ ತೊಳೆದುಕೊಳ್ತಾರೆ, ಇವರ ಲಕ್ಷಗಳು ಹೋಗ್ತವೆ. ಸಾಲ ತೀರಿದ ಮೇಲೆ ಮನೆ ಪತ್ರ ವಾಪಸ್ ಕೊಡೋಕೆ 30 ದಿನಕ್ಕಿಂತ ತಡ ಮಾಡಿದರೆ ದಿನಕ್ಕೆ ₹5,000 ಅಂತ ಇದೇ ಆರ್‌ಬಿಐ ನಿಯಮ ಮಾಡಿದೆ. ಕಾಗದ ತಡವಾದರೆ ಐದು ಸಾವಿರ, ಮನೆಯೇ ಕೈತಪ್ಪಿದರೆ ನೂರು. ಇದನ್ನು ಯಾರಾದರೂ ನನಗೆ ಅರ್ಥ ಮಾಡಿಸಿ.

30 ದಿನ ಆದ ಮೇಲೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಗ್ರಾಹಕರ ದೂರು ವಿಚಾರಿಸೋದು ಅವರ ಕೆಲಸ, ದುಡ್ಡು ಕಟ್ಟಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳೂ ಅದರ ವ್ಯಾಪ್ತಿಗೆ ಬಂದಿವೆ. ಹೋಗಿ, ಖಂಡಿತ ಹೋಗಿ. ಆದರೆ ಮನೆ ಮಾರುವವರು ಓಂಬುಡ್ಸ್‌ಮನ್ ತೀರ್ಪು ಬರೋವರೆಗೂ ಕಾಯ್ತಾರಾ?

ಬೈಕ್ ಸಾಲ ನಮ್ಮದಲ್ಲದಿದ್ದರೂ ಕಟ್ಟಿಬಿಡೋಣ, ಪೀಡೆ ತೊಲಗಲಿ ಅಂದರು ಗಂಡ. ಹದಿನೆಂಟು ಸಾವಿರ ಚಿಲ್ಲರೆ ಬಾಕಿ. ಬೇಡ ಅಂದೆ. ನಮ್ಮದಲ್ಲದ ಸಾಲ ಕಟ್ಟಿದರೆ ನಮ್ಮದೇ ಅಂತ ಒಪ್ಪಿದ ಹಾಗೆ. ಅದರ ಮೇಲೆ ರಿಕವರಿಯವರು ಫೋನ್ ಮಾಡಿ ಕಡಿಮೆಗೆ ಮುಗಿಸಿಕೊಡ್ತೀವಿ ಅಂತಾರೆ. ಹಾಗೆ ಮುಗಿಸಿದ ಸಾಲ ಸೆಟಲ್ಡ್ ಅಂತ ದಾಖಲಾಗುತ್ತೆ, ಕ್ಲೋಸ್ಡ್ ಅಂತ ಅಲ್ಲ. ಗೃಹಸಾಲ ಕೊಡುವವರಿಗೆ ಸೆಟಲ್ಡ್ ಅನ್ನೋದು ರಿಟನ್ ಆಫ್‌ಗಿಂತ ಹೆಚ್ಚೇನೂ ವಾಸಿಯಲ್ಲ, ವರ್ಷಗಟ್ಟಲೆ ಕಾಣ್ತಿರುತ್ತೆ.

ಇಷ್ಟೆಲ್ಲ ಹೇಳಿಯೂ, ಗಡುವು ಹತ್ತಿರ ಬಂದರೆ ಹೆಸರು ತೆಗೆಯೋದೇ ದಾರಿ ಅಂತ ನಾನೇ ಹೇಳಬೇಕಾಗುತ್ತೆ. ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತೆ. ಹೇಳದಿದ್ದರೆ ಅಡ್ವಾನ್ಸೂ ಹೋಗುತ್ತೆ. ಇಲ್ಲ, ಯಾಕೆ ಹೇಳಬೇಕು? ತಪ್ಪು ಮಾಡಿದವರು ಎಸಿ ರೂಮಲ್ಲಿ ಕೂತಿರುವಾಗ ಈಕೆ ಯಾಕೆ ತನ್ನ ಮನೆಯ ಪತ್ರದಿಂದ ಹೆಸರು ಬಿಟ್ಟುಕೊಡಬೇಕು?

ಇನ್ನೊಬ್ಬ ಅಧಿಕಾರಿ ದೊಡ್ಡ ಮನಸ್ಸು ಮಾಡಿ, ಬಡ್ಡಿ ಸ್ವಲ್ಪ ಜಾಸ್ತಿ ಹಾಕಿ ಪಾಸ್ ಮಾಡ್ತೀವಿ ಅಂದರು. ಸ್ವಲ್ಪ ಅಂದ್ರೆ ಮುಕ್ಕಾಲು ಪರ್ಸೆಂಟ್. 50 ಲಕ್ಷಕ್ಕೆ 20 ವರ್ಷ ಹಾಕಿ ನೋಡಿ. 8.5ರಲ್ಲಿ ತಿಂಗಳ ಕಂತು ₹43,391, 9.25ರಲ್ಲಿ ₹45,793. ದರ ಹಾಗೇ ಉಳಿದರೆ ಕೊನೆಗೆ ₹5,76,000ಕ್ಕಿಂತ ಹೆಚ್ಚು ವ್ಯತ್ಯಾಸ, ಯಾರೋ ಕಟ್ಟದ ಬೈಕಿಗೆ. ಒಂದು ವೇಳೆ ಒಪ್ಪಿಕೊಳ್ಳಲೇಬೇಕಾಗಿ ಬಂದರೆ, ದಾಖಲೆ ಸರಿಯಾದ ಮೇಲೆ ಸ್ಪ್ರೆಡ್ (ಮೂಲ ದರದ ಮೇಲೆ ಬ್ಯಾಂಕು ಸೇರಿಸೋ ಭಾಗ) ಇಳಿಸಿ ಅಂತ ಬರವಣಿಗೆಯಲ್ಲಿ ಕೇಳಿ. ರೆಪೋಗೆ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರಕ್ಕೆ) ಜೋಡಿಸಿದ ಸಾಲದಲ್ಲಿ ರೆಪೋ ಇಳಿದಾಗ ಬಡ್ಡಿ ಇಳಿಯುತ್ತೆ, ನಿಮ್ಮ ರಿಸ್ಕಿಗೆ ಅಂತ ಸೇರಿಸಿದ ಭಾಗ ಇಳಿಯಲ್ಲ. ಬಾಯಿಮಾತಿನ ಭರವಸೆ ಸ್ಯಾಂಕ್ಷನ್ ಲೆಟರಿನಲ್ಲಿ ಇರಲ್ಲ.

ಅಗ್ರಿಮೆಂಟಿಗೆ ಇನ್ನೂ ಸಹಿ ಹಾಕದವರು, ಬ್ಯಾಂಕ್ ಸಾಲ ಸಿಗದಿದ್ದರೆ ಅಡ್ವಾನ್ಸ್ ವಾಪಸ್ ಅನ್ನೋ ಒಂದು ಸಾಲನ್ನು ವಕೀಲರ ಹತ್ತಿರ ಬರೆಸಿಕೊಳ್ಳಿ. ಮಾರುವವರು ಮುಖ ಸಿಂಡರಿಸಲಿ ಪರವಾಗಿಲ್ಲ. ಅರ್ಜಿ ತಿರಸ್ಕಾರ ಆದರೆ ಕಾರಣವನ್ನು ಬರೆದು ಕೊಡಿ ಅಂತ ಬ್ಯಾಂಕನ್ನು ಕೇಳಿ, ಕೊಡಬೇಕಾದ್ದು ಅವರ ಕರ್ತವ್ಯ.

ಈಗ ಆ ಫೈನಾನ್ಸ್ ಕಂಪನಿಯವರಿಗೆ. ಉತ್ತರ ಅಂತ ನೀವು ಕಳಿಸಿದ್ದು "ನಮ್ಮ ದಾಖಲೆ ಪ್ರಕಾರ ಸರಿಯಾಗಿದೆ" ಅನ್ನೋ ಒಂದು ಸಾಲು. ಬೈಕ್ ಸಾಲ ಕೊಟ್ಟಿದ್ದೀರಿ ಅಂದ ಮೇಲೆ ಆ ಗಾಡಿಗೆ ರಿಜಿಸ್ಟ್ರೇಷನ್ ನಂಬರ್ ಇರಬೇಕು, ಆರ್‌ಸಿಯಲ್ಲಿ ನಿಮ್ಮ ಕಂಪನಿಯ ಹೈಪಾಥಿಕೇಷನ್ (ಸಾಲಕ್ಕೆ ಗಾಡಿ ಅಡ ಇದೆ ಅನ್ನೋ ನಮೂದು) ಇರಬೇಕು, ಮಾಲೀಕರ ಹೆಸರಿನ ಜೊತೆ ಗಂಡನದ್ದೋ ತಂದೆಯದ್ದೋ ಹೆಸರಿರಬೇಕು. ಆ ನಂಬರ್ ಕೊಡಿ. ಆರ್‌ಸಿ ಯಾರ ಹೆಸರಲ್ಲಿದೆ, ಅದೊಂದನ್ನು ಹೇಳಿ.