ಕೊನೇ ರೇಟು

ಅಕ್ಕನ ಮಗ ಒಂದು ಫೋಟೋ ಕಳಿಸಿದ. ಸಣ್ಣ ಕಾರು, 12 ವರ್ಷ ಹಳೆಯದು, ಆಗಷ್ಟೇ ತೊಳೆದಿದ್ದರು. ಬಾನೆಟ್ ಮೇಲೆ ನೀರು ಇನ್ನೂ ಆರಿರಲಿಲ್ಲ. ಕೆಳಗೆ ಒಂದೇ ಸಾಲು: "ಮಾಮ, ಈ ರೇಟ್ ಸರಿ ಇದೆಯಾ?"

ಸರಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಒದ್ದೆ ಬಣ್ಣದ ಮೇಲೆ ಗೀರು ಕಾಣಿಸುವುದಿಲ್ಲ, ಮಾಸಿದ ಜಾಗವೂ ಕಾಣಿಸುವುದಿಲ್ಲ. ನೀರು ಆರುವ ಮೊದಲೇ ಫೋಟೋ ತೆಗೆಯುವ ಆತುರಗಾರರನ್ನು ನಾನು ನಂಬುವುದಿಲ್ಲ. "ಕ್ಲಚ್ ಪೆಡಲ್ ಫೋಟೋ ತರಿಸು" ಎಂದು ಬರೆದೆ. ಅವನು ನಗುವ ಮುಖವೊಂದನ್ನು ಕಳಿಸಿ ಸುಮ್ಮನಾದ. ನಾನೇನೂ ತಮಾಷೆ ಮಾಡಿರಲಿಲ್ಲ. ಗಾಡಿ ನಿಜಕ್ಕೂ ಎಷ್ಟು ಓಡಿದೆ ಎಂಬ ಸುಳಿವು ಪೆಡಲಿನ ಸವೆತದಲ್ಲಿ ಸಿಗುತ್ತದೆ.

ಬೆಲೆ ಅನ್ನುವುದು ಎಲ್ಲೋ ಬರೆದಿಟ್ಟಿರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ಈಗಿನ ಹುಡುಗರ ನಂಬಿಕೆ. ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಡುವ ಆ್ಯಪ್‌ಗಳೂ ಇವೆ. ಯಾವ ಮಾಡೆಲ್, ಯಾವ ವರ್ಷದ್ದು, ಎಷ್ಟು ಓಡಿದೆ ಎಂದು ಕೇಳುತ್ತವೆ. ಆಮೇಲೆ ಕಂಡೀಷನ್ ಹೇಗಿದೆ ಎಂದು ಕೇಳುತ್ತವೆ. ಯಾರನ್ನು? ಮಾರುವವನನ್ನೇ! ತನ್ನ ಗಾಡಿಯನ್ನು 'ಪರವಾಗಿಲ್ಲ' ಎಂದು ಒತ್ತಿದ ಪುಣ್ಯಾತ್ಮನನ್ನು ನಾನಂತೂ ಕಂಡಿಲ್ಲ. ಹೊಸತರಲ್ಲಿ ಈ ಲೆಕ್ಕ ಒಂದು ಮಟ್ಟಕ್ಕೆ ನಡೆಯುತ್ತದೆ. ಮೊದಲ ಮೂರ್ನಾಲ್ಕು ವರ್ಷ ಬೆಲೆ ದಡದಡ ಇಳಿಯುತ್ತದೆ, ಆಮೇಲೆ ಇಳಿಯುವುದೂ ನಿಧಾನವಾಗುತ್ತದೆ. ಹತ್ತು ವರ್ಷ ದಾಟಿದ ಮೇಲೆ ಗಾಡಿಯ ವಯಸ್ಸಿಗಿಂತ ಅದನ್ನು ಇಟ್ಟುಕೊಂಡವರ ಗುಣವೇ ಜಾಸ್ತಿ ಲೆಕ್ಕಕ್ಕೆ ಬರುವುದು. ಒಂದೇ ದಿನ ಶೋರೂಮಿನಿಂದ ಹೊರಬಿದ್ದ ಎರಡು ಗಾಡಿಗಳಲ್ಲಿ ಒಂದು ಇನ್ನೂ ಆರಾಮಾಗಿ ಓಡುತ್ತಿರುತ್ತದೆ. ಇನ್ನೊಂದು ಏರು ಕಂಡರೆ ನಿಟ್ಟುಸಿರು ಬಿಡುತ್ತದೆ. ಆ್ಯಪಿಗೆ ಎರಡೂ ಒಂದೇ.

ಅದರಲ್ಲೂ 'ಎಷ್ಟು ಓಡಿದೆ' ಅನ್ನುವ ಸಂಖ್ಯೆಯ ಮೇಲೆ ಜನ ಇಟ್ಟಿರುವ ಭಕ್ತಿ ನೋಡಿದರೆ ನನಗೆ ಮೈ ಉರಿಯುತ್ತದೆ. ಈ ಸಂಖ್ಯೆಯ ಕಥೆ ಬಹಳ ಹಳೆಯದು. ಕ್ರಿಸ್ತಪೂರ್ವ 1ನೇ ಶತಮಾನದ ವಿಟ್ರುವಿಯಸ್ ಎಂಬ ರೋಮನ್ ಇಂಜಿನಿಯರ್ ಗಾಡಿ ಹೋದ ದೂರ ಅಳೆಯುವ ಯಂತ್ರವೊಂದನ್ನು ವಿವರಿಸಿದ್ದಾನೆ. ಗಾಡಿಚಕ್ರದ ಸುತ್ತಳತೆ ಹನ್ನೆರಡೂವರೆ ಅಡಿ. 400 ಸುತ್ತು ತಿರುಗಿದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಹಲ್ಲಿನ ಚಕ್ರಗಳು ಒಂದನ್ನೊಂದು ತಳ್ಳುತ್ತಾ ಹೋಗಿ, ಮೈಲಿಗೊಂದು ಗುಂಡುಕಲ್ಲನ್ನು ಕೆಳಗಿನ ಕಂಚಿನ ಪಾತ್ರೆಗೆ ಬೀಳಿಸುತ್ತವೆ. ಟಣ್! ಕೂತವರಿಗೆ ಸದ್ದೂ ಕೇಳಿಸುತ್ತದೆ, ಸಂಜೆ ಕಲ್ಲು ಎಣಿಸಿದರೆ ದಿನದ ಪ್ರಯಾಣವೂ ಗೊತ್ತಾಗುತ್ತದೆ. ಎಂಥ ಚಂದದ ಯೋಚನೆ ಅಲ್ವಾ?

ಆದರೆ ಆ ಗಾಡಿ ಮಾರುವ ಹಿಂದಿನ ರಾತ್ರಿ ಏನಾಗುತ್ತಿತ್ತು ಎಂದು ವಿಟ್ರುವಿಯಸ್ ಹೇಳುವುದಿಲ್ಲ. ನಾನು ಹೇಳುತ್ತೇನೆ. ಪಾತ್ರೆಗೆ ಕೈ ಹಾಕು, ಒಂದು ಹಿಡಿ ಕಲ್ಲು ತೆಗೆ, ಬೇಲಿಯಾಚೆ ಎಸೆ. ಬೆಳಿಗ್ಗೆ ಗಿರಾಕಿ ಬಂದರೆ, "ಮನೆಯಿಂದ ದೇವಸ್ಥಾನಕ್ಕೆ ಬಿಟ್ಟು ಬೇರೆ ಕಡೆ ಓಡಿಸಿಯೇ ಇಲ್ಲ ಸ್ವಾಮಿ." ಗಿರಾಕಿ ಒಂದೊಂದೇ ಕಲ್ಲು ಎಣಿಸಿ ತಲೆದೂಗಿರುತ್ತಾನೆ. ಪಕ್ಕದಲ್ಲೇ ಅಚ್ಚು ಸವೆದು ಚಕ್ರ ವಾಲಾಡುತ್ತಿರುತ್ತದೆ. ಅತ್ತ ಕಣ್ಣೂ ಹಾಯಿಸಿರುವುದಿಲ್ಲ. ಕಲ್ಲು ಹೋಗಿ ಅಂಕಿಯ ಗಾಲಿ ಬಂತು. ಆಗ ಮೀಟರಿನ ಕೇಬಲ್ ಬಿಚ್ಚಿಟ್ಟು ಓಡಿಸಿದರು, ಇಲ್ಲವೇ ಗಾಲಿಯನ್ನೇ ಹಿಂದಕ್ಕೆ ತಿರುಗಿಸಿದರು. ಅಂಕಿ ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಸೇರಿಕೊಂಡಿತು. ಈಗ ವೈರು ಸಿಕ್ಕಿಸಿ ಬೇಕಾದ ಸಂಖ್ಯೆ ಒತ್ತಿದರೆ ಮುಗಿಯಿತು. ಕಲ್ಲು ಎಸೆಯುವ ಶ್ರಮವೂ ಉಳಿಯಿತು.

ಪರಿಚಯದವರೊಬ್ಬರ ಜೊತೆ ಒಂದು ಗಾಡಿ ನೋಡಲು ಹೋಗಿದ್ದೆ. ಮೀಟರ್ 41,000 ಎನ್ನುತ್ತಿತ್ತು. ಕ್ಲಚ್ ಪೆಡಲಿನ ರಬ್ಬರ್ ಮೇಲಿನ ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿದ್ದವು. ಎಡಮೂಲೆಯಲ್ಲಿ ರಬ್ಬರ್ ಹೋಗಿ ಒಳಗಿನ ಲೋಹ ಹೊಳೆಯುತ್ತಿತ್ತು. ಸುಮ್ನೆ ಎಡಗಾಲು ಇಟ್ಟುಕೊಂಡು ಓಡಿಸುವ ಅಭ್ಯಾಸ ಇದ್ದರೂ ಹೀಗಾಗಬಹುದು ಎಂದು ಸಮಾಧಾನ ಮಾಡಿಕೊಂಡೆ. ಬಾಗಿಲನ್ನು ಪೂರ್ತಿ ತೆಗೆದಾಗ, ಬಾಗಿಲು ಬಂದು ಕೂರುವ ಆ ಕಂಬದ ಮೇಲೆ ಒಂದು ಚೀಟಿ ಕಂಡಿತು. ಆಯಿಲ್ ಬದಲಾಯಿಸಿದಾಗ ಅಂಟಿಸಿದ್ದು. ಮೂಲೆ ಸುರುಳಿಯಾಗಿತ್ತು, ಶಾಯಿ ತೆಳುವಾಗಿತ್ತು, ಓದಲು ತೊಂದರೆ ಇರಲಿಲ್ಲ. ಮುಂದಿನ ಸರ್ವಿಸ್: 86,000.

ಮಾರುವವರು ಅದನ್ನು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಅದು ಬೇರೆ ಗಾಡಿದಿರಬೇಕು ಸಾರ್" ಎಂದರು. ಬೇರೆ ಗಾಡಿಯ ಚೀಟಿ ಇಲ್ಲಿ ಹೇಗೆ ಬಂತು ಎಂದು ಕೇಳುವಷ್ಟರಲ್ಲಿ ಮ್ಯೂಸಿಕ್ ಸಿಸ್ಟಂ ಆನ್ ಮಾಡಿ, "ಬೇಸ್ ಕೇಳಿ, ಬೇಸ್" ಎಂದರು.

ಈ ಮ್ಯೂಸಿಕ್ ಸಿಸ್ಟಂ ಒಂದು ದೊಡ್ಡ ರೋಗ. ಮಾರುವವರು ತಾವು ಇದುವರೆಗೆ ಸುರಿದದ್ದನ್ನೆಲ್ಲ ಬೆಲೆಗೆ ಸೇರಿಸುತ್ತಾರೆ. ಸ್ಪೀಕರ್, ಸೀಟ್ ಕವರ್, ಅಲಾಯ್ ವೀಲು, ಹಿಂದೆ ಅಂಟಿಸಿದ ರೆಕ್ಕೆ. ಕೊಳ್ಳುವವರು ಲೆಕ್ಕ ಹಾಕಬೇಕಾದದ್ದು ಇನ್ನು ಮುಂದೆ ಸುರಿಯಬೇಕಾದದ್ದನ್ನು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳ ಉಳಿದಿರಲಿ, ರಬ್ಬರಿಗೆ ವಯಸ್ಸಾಗಿರುತ್ತದೆ. ಇನ್ನು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನೂ ವಾಲ್ವೂ ತಾಳ ತಪ್ಪದಂತೆ ನೋಡಿಕೊಳ್ಳುವ ಪಟ್ಟಿ, ಇರುವ ಇಂಜಿನ್ನುಗಳು. ಹಲವು ಗಾಡಿಗಳಲ್ಲಿ ಅದನ್ನು ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಬದಲಾಯಿಸಲೇಬೇಕು. ಇಲ್ಲದಿದ್ದರೆ ಒಂದು ದಿನ ಬೆಲ್ಟ್ ತುಂಡಾಗಿ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು, ಗಾಡಿಯ ಬೆಲೆಗಿಂತ ರಿಪೇರಿಯೇ ದುಬಾರಿಯಾಗಬಹುದು. 97,000, 98,000ಕ್ಕೆ ಸರಿಯಾಗಿ ಎಷ್ಟು ಜನರಿಗೆ ಗಾಡಿ ಮಾರುವ ಮನಸ್ಸಾಗುತ್ತದೆ ಎಂದು ಗಮನಿಸಿದ್ದೀರಾ? ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ ನೋಡಿ. "ಬಿಲ್ ಎಲ್ಲೋ ಇದೆ" ಅನ್ನುತ್ತಾರೆ. ಸ್ಪೀಕರಿನ ಬಿಲ್ ಮಾತ್ರ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ, ವಾರಂಟಿ ಕಾರ್ಡಿನ ಸಮೇತ.

ದೊಡ್ಡವರೂ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆ ಕಾರಿನ ಮಾರುಕಟ್ಟೆಯನ್ನೇ ಇಟ್ಟುಕೊಂಡು ಒಂದು ಲೇಖನ ಬರೆದರು. ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಒಂದೇ ಸರಾಸರಿ ಬೆಲೆ ಕೊಡುತ್ತೇನೆ ಅನ್ನುತ್ತಾನೆ. ಚೆನ್ನಾಗಿ ಇಟ್ಟುಕೊಂಡವನಿಗೆ ಆ ಬೆಲೆ ಹೊಟ್ಟೆ ಉರಿಸುತ್ತದೆ, ಅವನು ಮಾರುವುದೇ ಇಲ್ಲ. ಉಳಿಯುವುದು ಡಬ್ಬಾ ಗಾಡಿಗಳು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಎಲ್ಲ ಸರಿ, ಆದರೆ 12 ವರ್ಷದ ಸಣ್ಣ ಕಾರಿಗೆ ಎಷ್ಟು ಕೊಡಬೇಕು ಎಂದು ಅವರೂ ಹೇಳಲಿಲ್ಲ.

ನಾನೂ ಹೇಳಲಾರೆ. ಆದರೆ ಇನ್ನೊಂದು ವಿಷಯ ಹೇಳಬಲ್ಲೆ. ಗಾಡಿ ನೋಡಲು ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿಲಿಲ್ಲದಿದ್ದರೂ ಬೆಚ್ಚಗಿದ್ದರೆ, ನೀವು ಬರುವ ಹೊತ್ತು ನೋಡಿಕೊಂಡೇ ಸ್ಟಾರ್ಟ್ ಮಾಡಿ ಬಿಸಿ ಮಾಡಿದ್ದಾರೆ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ನೀಲಿ ಹೊಗೆ, ಕಟಕಟ ಸದ್ದು ಎಲ್ಲ ಬಯಲಿಗೆ ಬರುವುದು. ಯಾಕೆ ಬಿಸಿ ಇದೆ ಎಂದು ಕೇಳಿದರೆ, "ಈಗಷ್ಟೇ ಒಂದು ರೌಂಡ್ ಹೋಗಿ ಬಂದೆ ಸಾರ್" ಅನ್ನುತ್ತಾರೆ. ಗಾಡಿ ತಿಂಗಳಿಂದ ನಿಂತಲ್ಲೇ ನಿಂತಿದೆ, ಓಡಿಸೋಕೆ ಟೈಮೇ ಸಿಗಲ್ಲ, ಅದಕ್ಕೇ ಮಾರ್ತಾ ಇದೀವಿ ಎಂದು ಫೋನಿನಲ್ಲಿ ಹೇಳಿದವರೂ ಇವರೇ.