ನೈಟ್ ಡ್ಯೂಟಿ ಮುಗಿಸಿ ಶವಾಸನ

ಬೆಳಗ್ಗೆ ಎಂಟೂಕಾಲು. ಆಸ್ಪತ್ರೆಯ ಐದನೇ ಮಹಡಿಯ ಸೆಮಿನಾರ್ ಹಾಲ್. ನೆಲಕ್ಕೆ ನೀಲಿ ಚಾಪೆ ಹಾಸಿದ್ದಾರೆ. ಚಾಪೆಯ ಮೇಲೆ ಹಿಂದಿನ ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದ ಇಪ್ಪತ್ತೆರಡು ಸಿಸ್ಟರ್‌ಗಳು, ಮೂವರು ಬ್ರದರ್‌ಗಳು. ಎದುರಿಗೆ ಕಾಲರ್ ಮೈಕು ಸಿಕ್ಕಿಸಿಕೊಂಡ ತರಬೇತುದಾರರು. ಗೋಡೆಗೆ ಬ್ಯಾನರ್: 'ನಿಮ್ಮ ನೆಮ್ಮದಿಯೇ ನಮ್ಮ ಆದ್ಯತೆ'. ಬಾಗಿಲಲ್ಲಿ ಹೆಚ್‌ಆರ್ ಹುಡುಗ ಬೆರಳಚ್ಚಿನ ಮೆಷಿನ್ ಹಿಡಿದು ನಿಂತಿದ್ದಾನೆ. ಒತ್ತಡ ಕಳೆದುಕೊಳ್ಳಲು ಬರದವರಿಗೆ ಅರ್ಧ ದಿನದ ಸಂಬಳ ಕಟ್.

ಇದನ್ನೆಲ್ಲ ಹೇಳಿದ್ದು ನನ್ನ ಅಕ್ಕನ ಮಗಳು. ಅವಳೂ ಆ ಚಾಪೆಯ ಮೇಲಿದ್ದಳು.

ಮೊದಲು ಉಸಿರು ಎಳೆಯಿರಿ, ಬಿಡಿ ಅಂತ ಆಯಿತಂತೆ. ಆಮೇಲೆ 'ಈಗ ಎಲ್ಲರೂ ಶವಾಸನ' ಅಂದರಂತೆ. ಎರಡೇ ನಿಮಿಷ. ಇಡೀ ಹಾಲ್ ಗೊರಕೆ. ಇಷ್ಟು ಬೇಗ ಶವಾಸನ ಒಲಿದ ತಂಡವನ್ನು ತಾವು ಕಂಡೇ ಇಲ್ಲ ಅಂತ ತರಬೇತುದಾರರಿಗೆ ಗಂಟಲು ತುಂಬಿ ಬಂತಂತೆ. ಫೋಟೋ ತೆಗೆದು ಆಸ್ಪತ್ರೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಎಬ್ಬಿಸೋಕೆ ಮಾತ್ರ ಇಪ್ಪತ್ತು ನಿಮಿಷ ಹಿಡಿಯಿತು. ಒಬ್ಬಳು ಎದ್ದವಳೇ 'ಹದಿನಾಲ್ಕನೇ ಬೆಡ್ ಡ್ರಿಪ್ ಮುಗೀತಾ?' ಅಂದಳಂತೆ.

ಆ ರಾತ್ರಿ ನಾನೂ ಅಲ್ಲೇ ಇದ್ದೆ. ಅಪ್ಪನಿಗೆ ನ್ಯುಮೋನಿಯಾ. ಅವಳದೇ ವಾರ್ಡು. ಮೊಮ್ಮಗಳೇ ಸಿಸ್ಟರ್ ಅಂದಮೇಲೆ ತಾತನಿಗೆ ಸ್ಪೆಷಲ್ ಆರೈಕೆ ಅಂದುಕೊಂಡಿದ್ದೆ. ರಾತ್ರಿ ಪೂರ್ತಿ ಅವಳು ನಮ್ಮ ಹಾಸಿಗೆಗೆ ಬಂದಿದ್ದು ಎರಡು ಸಲ. ಎರಡು ಸಲವೂ ಬಿ.ಪಿ. ನೋಡೋಕೆ. ಮೂವತ್ತು ಹಾಸಿಗೆಗೆ ಅವಳೊಬ್ಬಳು, ಜೊತೆಗೆ ಥರ್ಡ್ ಇಯರ್ ಓದುವ ಒಬ್ಬ ಹುಡುಗಿ. ಆ ಹುಡುಗಿ ಕಲಿಯೋಕೆ ಬಂದವಳು. ಕಲಿಸಬೇಕಾದವಳು ವಾರ್ಡಿನ ಇನ್ನೊಂದು ತುದಿಯಲ್ಲಿ ಓಡುತ್ತಿದ್ದಳು. ಒಂದು ಹೊತ್ತಿನಲ್ಲಿ ಮೂರು ಕಡೆಯಿಂದ ಒಟ್ಟಿಗೆ 'ಸಿಸ್ಟರ್' ಅಂತ ಕೂಗು. ಒಬ್ಬರಿಗೆ ವಾಂತಿ. ಇನ್ನೊಬ್ಬರ ಕ್ಯಾನುಲಾ ಕಿತ್ತು ರಕ್ತ. ಮೂರನೆಯವರಿಗೆ ಫ್ಯಾನ್ ಸ್ಪೀಡ್ ಜಾಸ್ತಿ. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಫ್ಯಾನಿನವರು.

ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ ಬೇರೆ ಇದೆ. ಕಾಲೇಜು ಇರುವ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್. ಮೂರು ಪಾಳಿಗೆ ಹಂಚಿದರೂ ಪಾಳಿಯಲ್ಲಿ ಒಂಬತ್ತಕ್ಕೆ ಒಬ್ಬರು. ಅದರ ಮೇಲೆ, ರಜೆ ಹಾಕುವವರ ಜಾಗಕ್ಕೆ ಅಂತ ಶೇ 30ರಷ್ಟು ಹೆಚ್ಚಿನ ಜನ. ಇದನ್ನು ಹೇಳಿದರೆ ಅವಳು, 'ಮಾವ, ಆ ಆಫರ್ ಯಾವ ಅಂಗಡೀಲಿ?' ಅಂದಳು.

ಬೆಳಗಿನ ಜಾವ ಎರಡೂ ಮುಕ್ಕಾಲಿಗೆ ಅವಳು ಮೊದಲ ಸಲ ಸ್ಟೂಲಿನ ಮೇಲೆ ಕೂತಳು. ಪಾಪ, ಕಾಲು ಚಾಚಿಕೊಳ್ಳಲಿ ಅಂದುಕೊಂಡೆ. ಫೋನ್ ತೆಗೆದಳು. ಆನ್‌ಲೈನ್ ಟ್ರೈನಿಂಗ್ ಬಾಕಿ ಇತ್ತಂತೆ, ಅವತ್ತೇ ಕೊನೇ ದಿನ. ಪಾಠದ ಹೆಸರು 'ಸ್ವ-ಆರೈಕೆ'. ನಾನೂ ಇಣುಕಿದೆ. ಪ್ರಶ್ನೆ ಒಂದು: ದಿನಕ್ಕೆ ಎಂಟು ಲೋಟ ನೀರು ಕುಡಿಯುತ್ತೀರಾ? ಅವಳು 'ಹೌದು' ಒತ್ತಿದಳು. ನೀರಿನ ಬಾಟಲಿ ಸ್ಟಾಫ್ ರೂಮಿನಲ್ಲಿತ್ತು. ಕೌಂಟರಿನ ಮೇಲೆ ಇಡುವ ಹಾಗಿಲ್ಲ, ನೋಡೋಕೆ ಚೆನ್ನಾಗಿರಲ್ಲವಂತೆ. ಕುಡಿದರೂ ಕಷ್ಟ, ಟಾಯ್ಲೆಟ್‌ಗೆ ಹೋಗಬೇಕಲ್ಲ. ಪ್ರಶ್ನೆ ಎರಡು: ಏಳೆಂಟು ಗಂಟೆ ನಿದ್ದೆ ಮಾಡುತ್ತೀರಾ? ಹೌದು. ಪ್ರಶ್ನೆ ಮೂರು ಬರುವಷ್ಟರಲ್ಲಿ ಒಂಬತ್ತನೇ ಬೆಡ್‌ನ ಅಜ್ಜಿ 'ಯವ್ವಾ' ಅಂದರು. ಫೋನನ್ನು ಆ ಕಲಿಯುವ ಹುಡುಗಿಯ ಕೈಗೆ ಕೊಟ್ಟು ಓಡಿದಳು. ಉಳಿದ ಸ್ವ-ಆರೈಕೆಯನ್ನು ಆ ಹುಡುಗಿಯೇ ಮುಗಿಸಿಕೊಟ್ಟಳು. ನೂರಕ್ಕೆ ನೂರು. ಸರ್ಟಿಫಿಕೇಟ್ ಕೂಡ ಬಂತು.

ಒಂದೇ ಒಂದು ದಿನ ಆ ವಾರ್ಡಿನಲ್ಲಿ ಲೆಕ್ಕ ಸರಿ ಇತ್ತು. ಗುಣಮಟ್ಟದ ಸರ್ಟಿಫಿಕೇಟ್ ಕೊಡುವವರು ತಪಾಸಣೆಗೆ ಬಂದ ದಿನ. ಓಪಿಡಿಯಿಂದ, ಸ್ಟೋರಿನಿಂದ, ವೀಕ್ಲಿ ಆಫ್‌ನಲ್ಲಿದ್ದವರ ಮನೆಯಿಂದಲೂ ಕರೆಸಿ ಏಳು ಜನ ಸಿಸ್ಟರ್‌ಗಳನ್ನು ನಿಲ್ಲಿಸಿದ್ದರು. ಹೊಸ ಬೆಡ್‌ಶೀಟ್. ಅಪ್ಪನ ಬಿ.ಪಿ.ಯನ್ನು ಒಂದು ಗಂಟೆಯಲ್ಲಿ ನಾಲ್ಕು ಸಲ ನೋಡಿದರು. ನಾಲ್ಕನೇ ಸಲ ಅದು ಏರಿತ್ತು. ಇಷ್ಟು ಜನ ಬಂದು ನೋಡಬೇಕಾದರೆ ತಮ್ಮದು ಕೊನೇ ಸ್ಟೇಜೇ ಇರಬೇಕು ಅಂತ ಅಪ್ಪ ಹೆದರಿದ್ದರು. ಪಕ್ಕದ ಅಜ್ಜಿ ಮಾತ್ರ 'ಇವತ್ತು ಏನು ಹಬ್ಬ?' ಅಂತ ಕೇಳಿದರು.

ಹಬ್ಬ ಅಂದಮೇಲೆ ಮೇ 12ರ ವಿಷಯಕ್ಕೆ ಬರಬೇಕು. ನರ್ಸ್‌ಗಳ ದಿನ. 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು ಅವತ್ತು. ಕೇಕ್ ಕಟ್ ಮಾಡುತ್ತಾರೆ, ದೀಪ ಹಿಡಿದು ಪ್ರತಿಜ್ಞೆ ಮಾಡಿಸುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಬ್ಯಾಟರಿ ದೀಪ. ನಿಜವಾದದ್ದು ಹಚ್ಚಿದರೆ ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ. ಆ ಅಮ್ಮನ ಕೈಯಲ್ಲಿದ್ದ ದೀಪ ಎಲ್ಲರಿಗೂ ನೆನಪಿದೆ, ಇನ್ನೊಂದು ಕೈಯಲ್ಲಿದ್ದ ಲೆಕ್ಕದ ಪುಸ್ತಕ ಯಾರಿಗೂ ಬೇಡ. 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೊರಟಾಗ ಜೊತೆಗೆ 38 ನರ್ಸ್‌ಗಳನ್ನು ಕರೆದುಕೊಂಡು ಹೋದವರು ಅವರು. ಗಾಯಕ್ಕಿಂತ ಕೊಳಕಿನಿಂದ ಬಂದ ಕಾಯಿಲೆಗೆ ಸೈನಿಕರು ಜಾಸ್ತಿ ಸಾಯುತ್ತಿದ್ದಾರೆ ಅಂತ ಅಂಕಿ ಕೂಡಿಸಿ, ಬಣ್ಣದ ಚಿತ್ರ ಬರೆದು ಸರ್ಕಾರದ ಮುಖಕ್ಕೆ ಹಿಡಿದರು. ಈಗ ನಮ್ಮ ಆಸ್ಪತ್ರೆಗೆ ಬಂದು ಡ್ಯೂಟಿ ರೋಸ್ಟರ್ ಕೇಳಿದ್ದರೆ? 'ಮೇಡಂ, ಮೊದಲು ಕೇಕ್ ತಗೊಳ್ಳಿ' ಅನ್ನುತ್ತಿದ್ದರು.

2020 ಅವರ 200ನೇ ವರ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನರ್ಸ್ ಮತ್ತು ಸೂಲಗಿತ್ತಿಯರ ವರ್ಷ ಅಂತ ಸಾರಿತ್ತು. ಸಾರಿದ ಮೇಲೆ ಬಂದಿದ್ದು ಕೊರೊನಾ. ಮಾರ್ಚ್ 22ಕ್ಕೆ ತಟ್ಟೆ ಬಡಿದೆವು. ಮೇ 3ಕ್ಕೆ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವಿನ ಪಕಳೆ ಸುರಿಯಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ ಹೆಲಿಕಾಪ್ಟರ್ ಹತ್ತಿದ್ದು ಅವತ್ತೇ. (ಆ ಪಕಳೆ ಗುಡಿಸಿದ್ದು ಯಾರು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.)

ಹಿಟ್ಟಿನ ಲೆಕ್ಕವೂ ಕಾಗದದ ಮೇಲೆ ಇದೆ. 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. ಖಾಸಗಿ ಆಸ್ಪತ್ರೆಯಲ್ಲಿ 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಕೊಡುವಷ್ಟೇ ಸಂಬಳ ಕೊಡಿ, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಸಬೇಡಿ ಅಂತ ಆ ಸಮಿತಿ ಶಿಫಾರಸು ಮಾಡಿತು. ನಮ್ಮ ಆಸ್ಪತ್ರೆಯ ಹೋರ್ಡಿಂಗ್‌ನಲ್ಲಿ 300 ಹಾಸಿಗೆ. ಸಂಬಳದ ದಿನ ಬಂದರೆ ಮೂರು ಮಂಚದ ನರ್ಸಿಂಗ್ ಹೋಮ್.

ಸರ್ಕಾರ ಸುಮ್ನೆ ಕೂತಿಲ್ಲ, ಹೆಸರು ಬದಲಾಯಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಸ್ಟಾಫ್ ನರ್ಸ್ ಇಲ್ಲ, ಶುಶ್ರೂಷಾಧಿಕಾರಿ. ಅಧಿಕಾರಿ ಅಂದರೆ ಕುರ್ಚಿ ಇರಬೇಕು ಅಲ್ವಾ? ಕುರ್ಚಿ ಇದ್ದರೂ ಕೂರುವಷ್ಟು ಹೊತ್ತು ಇಲ್ಲ. ರೋಗಿ ಏದುಸಿರು ಬಿಡುತ್ತಾ 'ಶು...ಶ್ರೂ...ಷಾ...' ಅನ್ನುವಷ್ಟರಲ್ಲಿ ಆಕ್ಸಿಜನ್ ಸಿಲಿಂಡರ್ ಖಾಲಿ. ಅದಕ್ಕೇ ಜನ ಇನ್ನೂ ಸಿಸ್ಟರ್ ಅಂತಲೇ ಕೂಗುತ್ತಾರೆ.

ಶವಾಸನದ ಕೊನೆಯಲ್ಲಿ ಒಂದು ಫಾರಂ ಕೊಟ್ಟಿದ್ದರಂತೆ. 'ನಿಮ್ಮ ಒತ್ತಡ ಕಡಿಮೆಯಾಗಲು ಇನ್ನೇನು ಬೇಕು? ಒಂದೇ ಸಾಲಿನಲ್ಲಿ ಬರೆಯಿರಿ.' ನಿದ್ದೆಗಣ್ಣಿನಲ್ಲೂ ಇಪ್ಪತ್ತೈದು ಜನ ಮಾತಾಡಿಕೊಂಡವರ ಹಾಗೆ ಒಂದೇ ಉತ್ತರ ಬರೆದಿದ್ದರು: 'ನೈಟ್ ಡ್ಯೂಟಿಗೆ ಇನ್ನೊಬ್ಬ ಸಿಸ್ಟರ್ ಬೇಕು.'

ಅಪ್ಪ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಒಂದು ದಿನ ಅವಳು ನೋಡೋಕೆ ಬಂದಿದ್ದಳು. ಐರ್ಲೆಂಡಿಗೆ ಹೋಗೋಕೆ ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ್ದಾಳೆ. ಕೈಯಲ್ಲಿ ಅದರ ಪುಸ್ತಕ. ಆ ಫಾರಂ ಏನಾಯ್ತು ಅಂತ ಕೇಳಿದೆ.

'ಮ್ಯಾನೇಜ್‌ಮೆಂಟ್ ಒಪ್ಪಿಕೊಂಡಿದೆ ಮಾವ' ಅಂದಳು. 'ಸರ್ಕ್ಯುಲರ್ ಬಂದಿದೆ. ಇನ್ನೊಬ್ಬ ಸಿಸ್ಟರ್ ಬರ್ತಾರಂತೆ.'

'ಅಬ್ಬಾ! ಯಾವ ವಾರ್ಡಿಗೆ?'

'ವಾರ್ಡಿಗಲ್ಲ. ಸೆಮಿನಾರ್ ಹಾಲ್‌ಗೆ. ಯಾವುದೋ ಆಶ್ರಮದ ಸಿಸ್ಟರ್. ಧ್ಯಾನ ಹೇಳಿಕೊಡ್ತಾರಂತೆ, ಪ್ರತಿ ಗುರುವಾರ, ನೈಟ್ ಡ್ಯೂಟಿ ಮುಗಿದ ಮೇಲೆ.'