ಮಾನ್ಯತೆ ಇದೆ ಸರಿ, ಕೊಟ್ಟವರು ಯಾರು?

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದರೆ ಸ್ವಲ್ಪ ಇಳಿಯಬಹುದು.

ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಇಲ್ಲೇ ಅಮೆರಿಕದಲ್ಲೇ ಇದ್ದಾನೆ, ಒಳ್ಳೆಯ ಕೆಲಸ, ಒಳ್ಳೆಯ ಮಾಸ್ಟರ್ಸ್ ಡಿಗ್ರಿ. "ಅಕ್ಕಾ, ಆನ್‌ಲೈನ್‌ನಲ್ಲಿ ಡಾಕ್ಟರೇಟ್ ಮಾಡೋಣ ಅಂತಿದೀನಿ. ಮುಗಿದ ಮೇಲೆ ನಿಮ್ಮ ಥರ ಅಡ್ಜಂಕ್ಟ್ ಆಗಿ ಪಾಠ ಮಾಡಬಹುದಲ್ವಾ?" ಅಂದ. ಅಡ್ಜಂಕ್ಟ್ ಅಂದರೆ ಒಂದೊಂದು ಕೋರ್ಸಿನ ಲೆಕ್ಕದಲ್ಲಿ ದುಡ್ಡು ಪಡೆದು ಪಾಠ ಮಾಡುವ ಅರೆಕಾಲಿಕ ಮೇಷ್ಟ್ರು. ವಿಶ್ವವಿದ್ಯಾಲಯದ ಹೆಸರು ಹೇಳಿದ. ನಾನು ಕೇಳಿಯೇ ಇರಲಿಲ್ಲ. ಮಾನ್ಯತೆ ಇದೆಯೇನೋ ಅಂದೆ. "ಫುಲ್ಲಿ ಅಕ್ರೆಡಿಟೆಡ್ ಅಕ್ಕಾ!" ಯಾರು ಕೊಟ್ಟಿದ್ದು ಅಂದರೆ ಉತ್ತರ ಇಲ್ಲ. ಅಲ್ಲಿನ ಅಡ್ಮಿಷನ್ ಕೌನ್ಸೆಲರನ್ನೇ ಕಾಲ್‌ಗೆ ಸೇರಿಸಿಕೊಂಡ. ಆ ಮಹಾನುಭಾವರು "ಇಂಟರ್‌ನ್ಯಾಷನಲಿ ಅಕ್ರೆಡಿಟೆಡ್, ಮ್ಯಾಮ್" ಅಂದರು. ಯಾವ ಏಜೆನ್ಸಿ ಅಂತ ಮತ್ತೆ ಕೇಳಿದೆ. "ವೆಬ್‌ಸೈಟಲ್ಲಿ ಲೋಗೋ ಇದೆ, ಮ್ಯಾಮ್."

ಲೋಗೋ ಇದೆಯಂತೆ!

ನಿಮಗೆಲ್ಲ ಗೊತ್ತಿರುವ ಹಾಗೆ ಹಗಲು ನಂದು ಆಫೀಸು, ಸಂಜೆ ಕಮ್ಯುನಿಟಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ. ಹೊಸ ಅಡ್ಜಂಕ್ಟ್‌ಗಳ ಅರ್ಜಿಗಳನ್ನು ಜರಡಿ ಹಿಡಿಯುವಾಗ ಕೆಲವೊಮ್ಮೆ ನನ್ನನ್ನೂ ಕೂರಿಸುತ್ತಾರೆ. ಆ ಅನುಭವದಿಂದ ಹೇಳುತ್ತೇನೆ, ಆನ್‌ಲೈನ್ ಅನ್ನೋದು ಈಗ ಅಂಥ ದೊಡ್ಡ ಅಡ್ಡಿಯೇ ಅಲ್ಲ. ಜಾನ್ಸ್ ಹಾಪ್ಕಿನ್ಸ್‌ನಂಥ ವಿಶ್ವವಿದ್ಯಾಲಯವೇ ಶಿಕ್ಷಣದ ಡಾಕ್ಟರೇಟನ್ನು ಆನ್‌ಲೈನ್‌ನಲ್ಲಿ ಕೊಡುತ್ತದೆ. ಅದನ್ನು ನೋಡಿ ಯಾರೂ ಮೂಗು ಮುರಿಯುವುದಿಲ್ಲ. ಅರ್ಜಿ ಬಿದ್ದುಹೋಗುವುದು ಬೇರೆ ಕಡೆ. ಮಾನ್ಯತೆ ಕೊಟ್ಟವರು ಯಾರು ಅನ್ನೋ ಕಡೆ.

ಊರಿನಿಂದ ಬಂದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಅಲ್ಲಿ ಯುಜಿಸಿ ಪಟ್ಟಿಯಲ್ಲಿ ಹೆಸರು ಇದೆಯಾ ಇಲ್ವಾ ಅಂತ ನೋಡಿದರೆ ಅರ್ಧ ಕೆಲಸ ಮುಗೀತು. ಇಲ್ಲಿ ಕೇಂದ್ರ ಸರ್ಕಾರ ನೇರವಾಗಿ ಯಾವ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ. ಅದನ್ನು ಕೊಡುವುದು ಖಾಸಗಿ ಏಜೆನ್ಸಿಗಳು. ಆ ಏಜೆನ್ಸಿ ನಂಬಿಕೆಗೆ ಅರ್ಹವೇ ಅಂತ ಶಿಕ್ಷಣ ಇಲಾಖೆ ನೋಡುತ್ತದೆ, ಕಾಲೇಜುಗಳದ್ದೇ ಒಕ್ಕೂಟವಾದ ಚಿಯಾ (CHEA) ಅನ್ನೋ ಸಂಸ್ಥೆಯೂ ನೋಡುತ್ತದೆ. ಹಾಗಾಗಿ ಯಾರು ಬೇಕಾದರೂ ಒಂದು ಬೋರ್ಡು ಹಾಕಿಕೊಂಡು "ಜಾಗತಿಕ ಮಾನ್ಯತಾ ಮಂಡಳಿ" ಅಂತ ಕೂರಬಹುದು. ಕೂತಿದ್ದಾರೆ ಕೂಡ. 2015ರಲ್ಲಿ ಬಯಲಾದ ಪಾಕಿಸ್ತಾನದ ಆಕ್ಸಾಕ್ಟ್ ಕಂಪನಿಯ ಹಗರಣ ನೆನಪಿದೆಯಾ? ಅವರು ನಕಲಿ ವಿಶ್ವವಿದ್ಯಾಲಯಗಳನ್ನಷ್ಟೇ ಅಲ್ಲ, ಅವಕ್ಕೆ ಸರ್ಟಿಫಿಕೇಟ್ ಕೊಡೋ ನಕಲಿ ಮಾನ್ಯತಾ ಸಂಸ್ಥೆಗಳನ್ನೂ ಹುಟ್ಟಿಸಿದ್ದರು. ಸಾಲಕ್ಕೆ ಜಾಮೀನು ಹಾಕಿದವನು ಯಾರು, ಅವನ ಯೋಗ್ಯತೆ ಏನು ಅಂತ ವಿಚಾರಿಸುವ ಜನ ನಾವು. ಡಿಗ್ರಿಗೆ ಜಾಮೀನು ನಿಂತವನನ್ನು ಮಾತ್ರ ಯಾಕೆ ವಿಚಾರಿಸಲ್ಲ?

ನಕಲಿ ಬಿಡಿ, ಅಸಲಿ ಏಜೆನ್ಸಿಯೇ ಮುಳುಗಿದ ಕಥೆ ಇದೆ. ಎಸಿಐಸಿಎಸ್ ಅಂತ ಒಂದಿತ್ತು. ದೊಡ್ಡ ದೊಡ್ಡ ಖಾಸಗಿ ಕಾಲೇಜು ಸರಣಿಗಳಿಗೆ ಮಾನ್ಯತೆ ಕೊಟ್ಟಿತ್ತು. 2016ರಲ್ಲಿ ಶಿಕ್ಷಣ ಇಲಾಖೆ ಅದಕ್ಕಿದ್ದ ತನ್ನ ಮನ್ನಣೆಯನ್ನೇ ಕಿತ್ತುಕೊಂಡಿತು, 2018ರಲ್ಲಿ ವಾಪಸ್ ಕೊಟ್ಟಿತು, 2022ರಲ್ಲಿ ಪೂರ್ತಿ ಮುಗಿಸಿತು.

ಇನ್ನು "ರೀಜನಲ್", "ನ್ಯಾಷನಲ್" ಗೋಜಲು. ದೇಶದ ಒಂದೊಂದು ಭಾಗದ ಕಾಲೇಜುಗಳನ್ನು ನೋಡಿಕೊಳ್ಳುತ್ತಿದ್ದ ಏಜೆನ್ಸಿಗಳು ರೀಜನಲ್, ದೇಶಕ್ಕೆಲ್ಲ ಮಾನ್ಯತೆ ಕೊಡುತ್ತಿದ್ದವು ನ್ಯಾಷನಲ್. ಹೆಸರು ಕೇಳಿದರೆ ನ್ಯಾಷನಲ್ಲೇ ದೊಡ್ಡದು ಅನಿಸಬೇಕು. ಇಲ್ಲಿ ಉಲ್ಟಾ. ಹೆಸರಾಂತ ವಿಶ್ವವಿದ್ಯಾಲಯಗಳೆಲ್ಲ ಹೆಚ್ಚುಕಮ್ಮಿ ಎಚ್‌ಎಲ್‌ಸಿ, ಎಸ್‌ಎಸಿಎಸ್‌ಸಿಒಸಿ, ಮಿಡಲ್ ಸ್ಟೇಟ್ಸ್‌ನಂಥ ರೀಜನಲ್ ಏಜೆನ್ಸಿಗಳ ಅಡಿ ಬರುತ್ತವೆ. 2020ರ ಜುಲೈ 1ರಿಂದ ಶಿಕ್ಷಣ ಇಲಾಖೆ ಈ ಭೇದವನ್ನು ತನ್ನ ನಿಯಮದಿಂದ ತೆಗೆದುಹಾಕಿತು. ಕೌನ್ಸೆಲರ್‌ಗಳಿಗೆ ಇದು ಬಾಯಿಪಾಠ. "ಈಗ ಎಲ್ಲ ಒಂದೇ, ಮ್ಯಾಮ್!" ಹೌದಪ್ಪಾ, ಇಲಾಖೆಯ ಕಾಗದದಲ್ಲಿ ಒಂದೇ. ಅಡ್ಜಂಕ್ಟ್ ಕೆಲಸದ ಜಾಹೀರಾತು ತೆಗೆದು ನೋಡು. "ರೀಜನಲಿ ಅಕ್ರೆಡಿಟೆಡ್ ಸಂಸ್ಥೆಯ ಡಿಗ್ರಿ ಇರಬೇಕು" ಅನ್ನೋ ಸಾಲು ಇವತ್ತಿಗೂ ಎಷ್ಟೋ ಕಡೆ ಹಾಗೇ ಇದೆ. ಕೆಲಸ ಕೊಡುವುದು ಇಲಾಖೆಯಾ, ಕಾಲೇಜಾ?

ಹಾಗಂತ ಉಳಿದವೆಲ್ಲ ಬೋಗಸ್ ಅಂತ ನಾನು ಹೇಳುತ್ತಿಲ್ಲ. ಡಿಇಎಸಿ ಅನ್ನೋ ನ್ಯಾಷನಲ್ ಏಜೆನ್ಸಿ ಇದೆ. 1926ರಿಂದ ಇರುವ ಸಂಸ್ಥೆ, ಅಂಚೆ ಶಿಕ್ಷಣದ ಕಾಲದಿಂದ ದೂರಶಿಕ್ಷಣವನ್ನೇ ನೋಡಿಕೊಂಡು ಬಂದಿದೆ, ಇಲಾಖೆಯ ಮನ್ನಣೆಯೂ ಇದೆ. ಅದರಡಿಯ ಡಾಕ್ಟರೇಟ್ ಇಟ್ಟುಕೊಂಡು ಪಾಠ ಮಾಡುವವರು ಇದ್ದಾರೆ. ಆದರೆ ಒಂದೇ ಜಾಗಕ್ಕೆ ಇಬ್ಬರ ಅರ್ಜಿ ಬಂದಾಗ ಯಾರ ಹಾಳೆ ಮೇಲೆ ಬರುತ್ತದೆ ಅಂತ ನನಗೆ ಗೊತ್ತು. ಅದು ನ್ಯಾಯವಾ? ಅಲ್ಲ. ನಿಯಮವಾ? ಅದೂ ಅಲ್ಲ. ಆದರೂ ನಡೆಯೋದು ಹಾಗೇ.

ಬರೆಯುತ್ತಿರುವಾಗಲೇ ಹುಡುಗನ ಮೆಸೇಜು ಬಂತು. "ಅಕ್ಕಾ, ಈ ವಾರ ಕಟ್ಟಿದ್ರೆ ಡಿಸ್ಕೌಂಟ್ ಇದೆಯಂತೆ. ಜ್ಞಾನ ಮುಖ್ಯ ಅಲ್ವಾ, ಪಾಠ ಚೆನ್ನಾಗಿ ಮಾಡಿದ್ರೆ ಸಾಕಲ್ವಾ?"

ಆಹಾ! ಜ್ಞಾನ ಮುಖ್ಯ ಅನ್ನೋ ಮಾತು ಡಿಸ್ಕೌಂಟ್ ಬಂದಾಗಲೇ ಯಾಕೆ ನೆನಪಾಗುತ್ತೋ. ಜ್ಞಾನ ಅಷ್ಟೇ ಬೇಕಿದ್ದರೆ ಲೈಬ್ರರಿ ಕಾರ್ಡು ಪುಕ್ಕಟೆ. ಪಾಠ ಚೆನ್ನಾಗಿ ಮಾಡ್ತೀಯ ಅಂತ ಗೊತ್ತಾಗಬೇಕಾದರೆ ಮೊದಲು ಕ್ಲಾಸಿನೊಳಗೆ ಬಿಡಬೇಕಲ್ಲ. ಕಾಲೇಜಿಗೂ ಅದರದ್ದೇ ಮಾನ್ಯತೆ ಉಳಿಸಿಕೊಳ್ಳುವ ಚಿಂತೆ ಇರುತ್ತೆ. ಪರಿಶೀಲನೆಗೆ ಬಂದವರು ಪಾಠ ಮಾಡುವವರ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತಾರೆ. ಆಗ "ಲೋಗೋ ಇದೆ ಸರ್" ಅನ್ನೋಕಾಗುತ್ತಾ?

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಆ ಹುಡುಗನಿಗೆ ಈ ಕೆಲಸಕ್ಕೆ ಡಾಕ್ಟರೇಟೇ ಬೇಕಿಲ್ಲ! ಎಸ್‌ಎಸಿಎಸ್‌ಸಿಒಸಿ ಮಾರ್ಗಸೂಚಿಯನ್ನೇ ನೋಡಿ. ಪದವಿ ಕ್ಲಾಸಿಗೆ ಪಾಠ ಮಾಡಲು ಆ ವಿಷಯದಲ್ಲಿ ಮಾಸ್ಟರ್ಸ್ ಇದ್ದರೆ ಆಯ್ತು. ಬೇರೆ ವಿಷಯದ ಮಾಸ್ಟರ್ಸ್ ಇದ್ದರೆ, ಪಾಠ ಮಾಡುವ ವಿಷಯದಲ್ಲಿ ಸ್ನಾತಕೋತ್ತರ ಮಟ್ಟದ 18 ಕ್ರೆಡಿಟ್ ಇದ್ದರೆ ಸಾಕು. ಅವನ ಮಾಸ್ಟರ್ಸ್ ಡಿಗ್ರಿ ಹಿಡಿದುಕೊಂಡು ನಾಳೆಯೇ ಅರ್ಜಿ ಹಾಕಬಹುದು. ಇದನ್ನು ಆ ಕೌನ್ಸೆಲರ್ ಹೇಳುತ್ತಾರಾ? ಹೇಳಿದರೆ ಅವರ ಹೊಟ್ಟೆಪಾಡು?

ಡಾಕ್ಟರೇಟ್ ಇದ್ದರೆ ಕೆಲವು ಕಾಲೇಜುಗಳಲ್ಲಿ ಸಂಬಳ ಸ್ವಲ್ಪ ಮೇಲೆ ಹೋಗುತ್ತದೆ, ಒಪ್ಪುತ್ತೇನೆ. ಎಷ್ಟು ಅಂತ ಲೆಕ್ಕ ಹಾಕಿ. ಅಡ್ಜಂಕ್ಟ್‌ಗೆ ಒಂದು ಕೋರ್ಸಿಗೆ 3-4 ಸಾವಿರ ಡಾಲರ್ ಬಂದರೆ ಅದು ಸಾಮಾನ್ಯ ಸಂಬಳ. ಮುಂದಿನ ಸೆಮಿಸ್ಟರಿಗೆ ಕರೆಯುತ್ತಾರೋ ಇಲ್ಲವೋ ಗ್ಯಾರಂಟಿ ಇಲ್ಲ. ಇದಕ್ಕಾಗಿ ಹತ್ತಾರು ಸಾವಿರ ಡಾಲರ್ ಸುರಿಯುವುದಾದರೆ ಸುರಿಯಿರಿ, ನಾನ್ಯಾರು ಬೇಡ ಅನ್ನೋಕೆ.

"ಅಕ್ಕನಿಗೆ ಡಾಕ್ಟರೇಟ್ ಇಲ್ಲ, ಅದಕ್ಕೇ ಹೊಟ್ಟೆಕಿಚ್ಚು" ಅಂತ ಒಬ್ಬರಾದರೂ ಅಂದುಕೊಂಡಿರುತ್ತೀರಿ. ಇದೆ ಕಣ್ರೀ, ಹೊಟ್ಟೆಕಿಚ್ಚು ಇದೆ. ಕಾರಿಡಾರಿನಲ್ಲಿ ಪಕ್ಕದವರನ್ನು "ಡಾಕ್ಟರ್" ಅಂತ ಕರೆದು ನನ್ನನ್ನು ಬರೀ ಹೆಸರಿಂದ ಕರೆದಾಗ ಒಳಗೆ ಏನೋ ಚುಚ್ಚುತ್ತದೆ. ಆ ಚುಚ್ಚೋದನ್ನೇ ಬಂಡವಾಳ ಮಾಡಿಕೊಂಡಿರುವವರ ಮೇಲೆ ನನ್ನ ಸಿಟ್ಟು.

ಊರಿಗೆ ವಾಪಸ್ ಹೋಗಿ ಅಲ್ಲಿ ಪಾಠ ಮಾಡ್ತೀನಿ ಅನ್ನುವವರಿಗೆ ಒಂದು ಮಾತು. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರಿನಲ್ಲೇ ಎಚ್ಚರಿಸಿವೆ. ಜಾಹೀರಾತಿನಲ್ಲಿ ಇದು ಎಲ್ಲಿ ಬರೆದಿರುತ್ತೆ ಅಂತ ಭೂತಗನ್ನಡಿ ಹಿಡಿದು ಹುಡುಕಿ.

ಇನ್ನು ನನ್ನ ಇನ್‌ಬಾಕ್ಸಿಗೆ ಬಂದು "ಮೇಡಂ, ಇದು ಒಳ್ಳೆಯ ಯೂನಿವರ್ಸಿಟಿನಾ" ಅಂತ ಕೇಳಬೇಡಿ. ಏಜೆನ್ಸಿಯ ಹೆಸರು ತನ್ನಿ. ಅದು ಶಿಕ್ಷಣ ಇಲಾಖೆಯ ವೆಬ್‌ಸೈಟಿನ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡು ಬನ್ನಿ, ಎರಡು ನಿಮಿಷದ ಕೆಲಸ. ಯಾವ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯೋ ಅಲ್ಲಿನ ವಿಭಾಗದ ಮುಖ್ಯಸ್ಥರಿಗೆ ಒಂದು ಇಮೇಲ್ ಹಾಕಿ, "ಈ ಡಿಗ್ರಿಯನ್ನು ಪರಿಗಣಿಸುತ್ತೀರಾ" ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಆ ಉತ್ತರ ಬಂದ ಮೇಲೆ ಫೋನ್ ಮಾಡಿ, ಮಾತಾಡೋಣ. ಕ್ಲಾಸ್ ಇರೋ ಸಂಜೆ ಮಾತ್ರ ಬೇಡ.